ಅಲುಗದ ಮುಳ್ಳು

ಸೋಡಾ ಕಾರ್ಖಾನೆಯ ಸೊಸೆ ಮೆಟ್ಟಿಲು ಹತ್ತಿ ಬರುವುದನ್ನು ಕಂಡು ಡಾಕ್ಟರು ಮೆಲ್ಲಗೆ ಒಳಕೋಣೆಗೆ ಜಾರಿಕೊಳ್ಳಲು ನೋಡಿದರು. ಅಷ್ಟರಲ್ಲಿ ಅವಳು ಒಳಗೆ ಬಂದೇಬಿಟ್ಟಳು. ಅವಳ ಮಾವ ಕಾರ್ಖಾನೆಯ ಕೋಣೆಯಲ್ಲಿ ಮಧ್ಯಾಹ್ನ ಮಲಗಿದ್ದಲ್ಲೇ ಉಸಿರುಕಟ್ಟಿ ಸತ್ತಿದ್ದ. ಸೋಡಾಕ್ಕೆ ತುಂಬುವ ಗ್ಯಾಸ್ ಸೋರಿಲ್ಲ, ಯಾರೋ ಮೂಗುಬಾಯಿ ಒತ್ತಿರಬೇಕು ಎಂದು ಪೊಲೀಸರಿಗೆ ಹೇಳಿದವರು ಇದೇ ಡಾಕ್ಟರು. ಅವನನ್ನು ಕೊನೆಯದಾಗಿ ಕಂಡು ಊಟ ಕೊಟ್ಟು ಬಂದವಳು ಈ ಸೊಸೆ.

ಅವಳು ಡಾಕ್ಟರತ್ತ ತಿರುಗಿಯೂ ನೋಡದೆ ಅವರ ಚಿಕ್ಕಮ್ಮನ ಮುಂದೆ ನಿಂತಳು. "ನಾಳೆ ನನ್ನ ಕರ್ಕೊಂಡು ಹೋಗ್ತಾರಂತೆ. ಗಂಡ ಇಲ್ಲ, ಮಗು ಇನ್ನೂ ಚಿಕ್ಕದು. ನೀವೇ ಏನಾದ್ರೂ ಮಾಡಿ."

ಚಿಕ್ಕಮ್ಮ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಕಂಡವರ ವಿಷಯಕ್ಕೆ ಮೂಗು ತೂರಿಸುವುದು ಅವರ ಚಾಳಿ; ಆ ಮೂಗಿಗೆ ಪೊಲೀಸರೂ ಮರ್ಯಾದೆ ಕೊಡುತ್ತಿದ್ದರು. "ಸೋರಿಲ್ಲ ಅಂತ ನಿಂಗೆ ಹೇಗೆ ಗೊತ್ತಾಯ್ತೋ?" ಎಂದು ಡಾಕ್ಟರನ್ನು ಕೇಳಿದರು.

"ಸತ್ತವನ ತಮ್ಮ ಆ ಕೋಣೇಲಿದ್ದ ಸಿಲಿಂಡರಿನ ಒತ್ತಡದ ಮೀಟರ್ ತೋರಿಸಿದ. ಹೊಸ ಸಿಲಿಂಡರ್ ಜೋಡಿಸಿದಾಗ ಮುಳ್ಳು ಎಲ್ಲಿತ್ತೋ ಅಲ್ಲೇ ಇತ್ತು. ಗ್ಯಾಸ್ ಹೋಗಿದ್ರೆ ಒತ್ತಡ ಇಳೀಬೇಕಲ್ಲ?"

"ನೀನು ಕೇಳಿದ್ಯೋ, ಅವನಾಗೇ ತೋರಿಸಿದ್ನೋ?"

"ಅವನಾಗೇ."

ಚಿಕ್ಕಮ್ಮ, ಡಾಕ್ಟರು ಇಬ್ಬರೂ ಕಾರ್ಖಾನೆಗೆ ಹೋದಾಗ ಆ ತಮ್ಮ ವಾಪಸು ಕಳಿಸುವ ಸಿಲಿಂಡರುಗಳನ್ನು ತಕ್ಕಡಿಗೆ ಏರಿಸುತ್ತಿದ್ದ. ಒಂದರಲ್ಲಿ ಇನ್ನೂ ಗ್ಯಾಸ್ ಉಳಿದಿದೆಯೆಂದು ಆಳುಗಳನ್ನು ಬೈದು ಬದಿಗಿಡಿಸಿದ. ಚಿಕ್ಕಮ್ಮ ತಕ್ಕಡಿಯನ್ನೇ ನೋಡುತ್ತ ನಿಂತರು.

"ಅವತ್ತು ಮೊದಲು ಒಳಗೆ ಹೋದೋರು ಯಾರು?" ಎಂದು ಒಬ್ಬ ಆಳನ್ನು ಕೇಳಿದರು.

"ಸಣ್ಣ ಯಜಮಾನ್ರು, ಯಜಮಾನ್ರ ತಮ್ಮ. ನಮ್ಮನ್ನೆಲ್ಲ ಹೊರಗೇ ನಿಲ್ಲಿಸಿ, ಬಾಗಿಲಲ್ಲಿ ಫ್ಯಾನ್ ಇಟ್ಟು, ಆಮೇಲೆ ಒಬ್ರೇ ಹೋದ್ರು."

ಸಂಜೆ ಚಿಕ್ಕಮ್ಮ ಎಲ್ಲರನ್ನೂ ತಕ್ಕಡಿಯ ಸುತ್ತ ಸೇರಿಸಿದರು. ಪೊಲೀಸ್ ಅಧಿಕಾರಿ ಕೋಣೆಯ ಬೀಗ ತೆಗೆಸಿ ಅವತ್ತು ಅಲ್ಲಿದ್ದ ಸಿಲಿಂಡರನ್ನು ತರಿಸಿದ. ಸೋಡಾ ತುಂಬುವ ಯಂತ್ರ ಕೆಟ್ಟಿದ್ದರಿಂದ ಅದರಿಂದ ಒಂದು ಬಾಟಲಿಯನ್ನೂ ತುಂಬಿರಲಿಲ್ಲ. ಮುಳ್ಳು ಈಗಲೂ ಅಲ್ಲೇ ಇತ್ತು. ತೂಕ ಮಾತ್ರ ಹೊಸ ಸಿಲಿಂಡರಿನ ತೂಕಕ್ಕಿಂತ ಎಷ್ಟೋ ಕಡಿಮೆ ಬಂತು.

ಡಾಕ್ಟರು ಬಗ್ಗಿ ತೂಕವನ್ನು ಮತ್ತೊಮ್ಮೆ ಓದಿದರು.

"ನಮ್ಮ ಹುಡುಗ ಓದಿದ ಸೂತ್ರದಲ್ಲಿ ಅಣುಗಳಿಗೆ ಮೈಯೂ ಇಲ್ಲ, ನೆಂಟಸ್ತಿಕೆಯೂ ಇಲ್ಲ," ಎಂದರು ಚಿಕ್ಕಮ್ಮ, ಡಾಕ್ಟರತ್ತ ಕೈ ತೋರಿಸಿ. "ನಿಜವಾದ ಗ್ಯಾಸಿನ ಸೂತ್ರದಲ್ಲಿ ಎರಡು ಸ್ಥಿರಾಂಕ ಸೇರಿಸ್ತಾರೆ. ಒಂದು, ಅಣುಗಳೇ ಹಿಡಿಯೋ ಜಾಗಕ್ಕೆ. ಇನ್ನೊಂದು, ಅವುಗಳ ಸೆಳೆತಕ್ಕೆ. ಗೋಡೆಗೆ ಬಡಿಯೋಕೆ ಹೊರಟಿದ್ದನ್ನ ಉಳಿದವು ಸೆರಗು ಹಿಡಿದ ಹಾಗೆ ಹಿಂದಕ್ಕೆ ಎಳೀತವೆ. ಒಂದೊಂದು ಗ್ಯಾಸಿಗೆ ಒಂದೊಂದು ಸೆಳೆತ. ಸೋಡಾ ಗ್ಯಾಸಿಗೆ ಅದು ಎಷ್ಟು ಜಾಸ್ತಿ ಅಂದ್ರೆ, ಈ ತಂಪಿನಲ್ಲಿ ಒತ್ತಿ ತುಂಬಿದ್ರೆ ನೀರಿನ ಹಾಗೆ ದ್ರವ ಆಗಿಬಿಡತ್ತೆ. ಮೇಲಿಂದ ಗ್ಯಾಸ್ ಹೋದಷ್ಟೂ ಕೆಳಗಿನ ದ್ರವ ಆವಿಯಾಗಿ ಜಾಗ ತುಂಬತ್ತೆ. ಅದು ಮುಗಿಯೋವರೆಗೂ ಮುಳ್ಳು ಅಲುಗಲ್ಲ."

ಅವರು ತಮ್ಮನತ್ತ ತಿರುಗಿದರು. "ಇದು ನಿನಗೆ ಗೊತ್ತು. ಅದಕ್ಕೇ ದಿನಾ ತೂಕ ಹಾಕ್ತೀಯ. ಅವತ್ತು ಮಾತ್ರ ಡಾಕ್ಟರಿಗೆ ಮುಳ್ಳು ತೋರಿಸ್ದೆ. ಗ್ಯಾಸ್ ಇನ್ನೂ ಉಳಿದಿದೆ ಅಂದ್ರೆ ಯಾರೋ ಸಿಲಿಂಡರಿನ ತಿರುಪು ಮುಚ್ಚಿದಾರೆ; ಸತ್ತೋನು ಎದ್ದು ಮುಚ್ಚಲ್ಲಪ್ಪ. ಗ್ಯಾಸ್ ಚದುರಲಿ ಅಂತ ಫ್ಯಾನ್ ಹಾಕಿಸಿ ಮೊದಲು ಒಳಗೆ ಹೋದೋನು ಮುಚ್ಚಿದ. ತಾನಾಗೇ ಸೋರಿದ್ರೆ ಅದನ್ನ ನಮ್ಮಿಂದ ಯಾಕೆ ಬಚ್ಚಿಡ್ತಿದ್ದೆ?"

"ಅಣ್ಣ ಎಲ್ಲಾನೂ ಇವಳ ಹೆಸರಿಗೆ ಬರೆಯೋಕೆ ಹೊರಟಿದ್ದ!" ಎಂದು ಅವನು ಕಿರುಚಿದ. ಪೊಲೀಸರು ಅವನ ತೋಳು ಹಿಡಿದರು.

ಡಾಕ್ಟರು ಸೊಸೆಯ ಎದುರು ಹೋಗಿ ನಿಂತರು. "ತಪ್ಪಾಯ್ತಮ್ಮ. ನನಗೆ ಗೊತ್ತಿರ್ಲಿಲ್ಲ."

"ಗೊತ್ತಿಲ್ಲ ಅಂತ್ಲೇ ಪೊಲೀಸ್ರಿಗೂ ಹೇಳ್ಬಹುದಿತ್ತಲ್ಲ, ಡಾಕ್ಟ್ರೇ?"

ಅವಳು ಮಗುವನ್ನು ಕಂಕುಳಿಗೇರಿಸಿಕೊಂಡು ಹೊರಟುಹೋದಳು.