ವಿಷ ಇಟ್ಟವನು ನೀನೇನಾ?

"ಅಲ್ಲಾಡಬೇಡ... ಉಸಿರು ಕೂಡ ಮೆಲ್ಲಗೆ ಬಿಡು!"

ಪಂಕ್ಚರಾದ ಚಕ್ರದ ಮುಂದೆ ಮಂಡಿಯೂರಿದ್ದ ವೆಹೋಂಗಾ ಬೆಚ್ಚಿ ತಲೆಯೆತ್ತಿದಳು. ಎದುರಿನ ಬಂಡೆಯ ಮೇಲೆ ಒಬ್ಬ ಗಂಡಸು. ಕೈಯಲ್ಲಿ ಕೋವಿ. ಅದರ ತುದಿ ನೇರ ಅವಳ ಎದೆಗೆ!

'ಕಳ್ಳಬೇಟೆಯವನು... ಮುಗೀತು ನನ್ನ ಕಥೆ!'

"ನಿನ್ನ ಹಿಂದೆ ಹುಲ್ಲಿನಲ್ಲಿ ಸಿಂಹಿಣಿ ಇದೆ. ಓಡಬೇಡ. ನಿಧಾನಕ್ಕೆ ಎದ್ದು ಗಾಡಿಯೊಳಗೆ ಹೋಗು."

ವೆಹೋಂಗಾ ಮೆಲ್ಲಗೆ ಎದ್ದಳು. ಗಾಡಿಯ ಬಾಗಿಲು ಎಳೆದುಕೊಂಡ ಮೇಲೆ ನೋಡಿದರೆ... ಹಳದಿ ಕಣ್ಣುಗಳು, ಅಷ್ಟು ಹತ್ತಿರ!

ಅವನು ಬಂಡೆಯಿಂದ ಇಳಿದು, ದನ ಅಟ್ಟುವವನ ಹಾಗೆ ಹೋ ಎಂದು ಕೂಗಿದ. ಸಿಂಹಿಣಿ ಬೇಸರದಿಂದ ಎದ್ದು ಒಣ ನದಿಯ ಪಾತ್ರದಲ್ಲಿ ಮರೆಯಾಯಿತು.

"ನೀವು ಗುಂಡು ಹೊಡೀಲಿಲ್ಲ, ಸದ್ಯ," ಎಂದಳು, ಹಲ್ಲು ಕಟಕಟಿಸುತ್ತಾ.

"ಹೊಡೆಯೋದೇನು, ಕೋವೀಲಿ ಗುಂಡೇ ಇಲ್ಲ."

"ಖಾಲಿ ಕೋವಿ ಹಿಡ್ಕೊಂಡು ಸಿಂಹದ ಮುಂದೆ ನಿಂತಿದ್ರಾ?!"

"ಅದಕ್ಕೆ ಗೊತ್ತಿಲ್ವಲ್ಲ!" ಅವನು ನಕ್ಕ. "ನಾನು ಡಾವಿಬ್. ನೀನು ನಮ್ಮ ಸಂಸ್ಥೆಗೆ ಬರ್ತಿರೋ ಪ್ರಾಣಿಗಳ ನರ್ಸ್ ಅಲ್ವಾ? ಹಸು ಕಾಯೋ ಹೆರೆರೋ ಜನರ ಮಗಳು ಬರ್ತಾಳೆ ಅಂದಿದ್ರು."

"ನೀವು ಮೇಕೆ ಕಾಯೋ ಡಮಾರಾ ಜನ ಇರಬೇಕು. ಬಾಯಿ ನೋಡಿದ್ರೇ ಗೊತ್ತಾಗತ್ತೆ!"

ಹೀಗೆ ಶುರುವಾಯಿತು ಅವರ ಪರಿಚಯ.

ಹೋನಿಬ್ ನದಿಯ ದಂಡೆಯಲ್ಲಿ ತಗಡಿನ ಮೂರು ಕೋಣೆ, ಒಂದು ರೇಡಿಯೋ ಕಂಬ. ಮರುಭೂಮಿಯ ಸಿಂಹಗಳನ್ನು ಉಳಿಸಲು ಹೆಣಗುತ್ತಿದ್ದ ಆ ಸಣ್ಣ ಸಂಸ್ಥೆ ಎಂದರೆ ಅಷ್ಟೇ. ಮುಖ್ಯಸ್ಥೆ ಆಲ್ವೀನಾ ಅಕ್ಕ ಮಾತಿನಲ್ಲಿ ಖಾರ, ಮನಸ್ಸಿನಲ್ಲಿ ಬೆಣ್ಣೆ. ಡಾವಿಬ್ ಹೆಜ್ಜೆ ಹಿಡಿದು ಸಿಂಹಗಳ ಹಿಂದೆ ಅಲೆಯುವವನು. ಅಂದು ಕಂಡ ಸಿಂಹಿಣಿಗೆ ಸೋರೆಸ್ ಎಂದು ಹೆಸರಿಟ್ಟವನೂ ಅವನೇ. ಸೋರೆಸ್ ಎಂದರೆ ಅವರ ಭಾಷೆಯಲ್ಲಿ ಸೂರ್ಯ.

ಚಳಿಗಾಲ ಬರುವ ಹೊತ್ತಿಗೆ ಸೋರೆಸ್ ಮರಿ ಹಾಕಿತ್ತು. ಡಾವಿಬ್ ಮರುಭೂಮಿಯಿಂದ ಮರಳುವುದು ತಡವಾದರೆ ವೆಹೋಂಗಾ ಮತ್ತೆ ಮತ್ತೆ ಬಾಗಿಲಿಗೆ ಬಂದು ನೋಡುತ್ತಿದ್ದಳು. ಅವನು ಬಂದು ಒಲೆಯ ಮುಂದೆ ಕೂತು ಜೋಳದ ಮುದ್ದೆಗೆ ಹುಳಿಹಾಲು ಸುರಿದುಕೊಂಡಾಗಲೇ ಅವಳಿಗೂ ಹಸಿವಾಗುತ್ತಿತ್ತು.

'ಇದಕ್ಕೇನು ಹೆಸರು?' ಎಂದು ಕೇಳಿಕೊಳ್ಳಲು ಅವಳಿಗೆ ಧೈರ್ಯವಿರಲಿಲ್ಲ.

ಆಮೇಲೆ ಪಕ್ಕದ ಊರಿನ ದೊಡ್ಡಿಗಳಿಗೆ ಸಿಂಹ ನುಗ್ಗಿತು.

ಗರೀಸೆಬ್ ಮಾವನ ಮೇಕೆಗಳಲ್ಲಿ ಬಹುಪಾಲು ಸತ್ತವು. ತಾಯಿ ತಂದೆ ಇಲ್ಲದ ಡಾವಿಬ್‌ನನ್ನು ಸಾಕಿದವರು ಅದೇ ಗರೀಸೆಬ್ ಮಾವ. ಆಲ್ವೀನಾ ಸಮಾಧಾನ ಹೇಳಲು ಹೋದಾಗ ಜನ ಸುತ್ತ ನಿಂತರು. ಯಾರೂ ಕೂಗಾಡಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸುವಂತಿತ್ತು.

"ಇವತ್ತು ಮೇಕೆ. ನಾಳೆ ನಮ್ಮ ಮೊಮ್ಮಕ್ಕಳು. ಅಲ್ಲೀತನಕ ಕಾಯ್ಬೇಕಾ, ಅಕ್ಕ?" ಎಂದರು ಗರೀಸೆಬ್, ತಣ್ಣಗೆ.

ಅದೇ ವಾರ ನದಿಯ ತಿರುವಿನಲ್ಲಿ ಒಂದು ಗಂಡು ಸಿಂಹ ಸತ್ತುಬಿದ್ದಿತ್ತು. ಅದರ ಮಾಂಸಕ್ಕೆ ಇಳಿದ ರಣಹದ್ದುಗಳು ಸುತ್ತಲೂ ರೆಕ್ಕೆ ಚಾಚಿ ಸತ್ತಿದ್ದವು. ನೊಣಗಳೂ ಸತ್ತಿದ್ದವು! ಎಲ್ಲೂ ಒಂದು ಸದ್ದಿಲ್ಲ.

"ವಿಷ," ಎಂದಳು ವೆಹೋಂಗಾ. "ಯಾರೂ ಬರಿಗೈಯಲ್ಲಿ ಮುಟ್ಟಬೇಡಿ. ಚರ್ಮದಿಂದಲೇ ಒಳಗಿಳಿಯತ್ತೆ."

ಅಂದಿನಿಂದ ಯಾರನ್ನು ನೋಡಿದರೂ ಅನುಮಾನ. ನೀರು ಕೊಟ್ಟ ಕೈಯೂ, ನಕ್ಕು ಮಾತಾಡಿಸಿದ ಬಾಯಿಯೂ... ಯಾರದ್ದು ಈ ಕೆಲಸ?

ಒಂದು ಬೆಳಿಗ್ಗೆ ಸಮುದ್ರದ ಕಡೆಯಿಂದ ಮಂಜು ನುಗ್ಗಿ ಕಣಿವೆಯನ್ನೆಲ್ಲ ನುಂಗಿತ್ತು. ನೀರು ತರಲು ಹೋದ ವೆಹೋಂಗಾಗೆ ಏನೋ ಎಳೆಯುವ ಸದ್ದು ಕೇಳಿಸಿತು. ಸರ್... ಸರ್...

ಮಂಜಿನೊಳಗಿಂದ ಒಂದು ಬೆನ್ನು ಕಾಣಿಸಿತು. ಸತ್ತ ಮೇಕೆಯೊಂದನ್ನು ಕಾಲು ಹಿಡಿದು ಎಳೆಯುತ್ತಿದ್ದ. ಹೊಟ್ಟೆ ಸೀಳಿತ್ತು. ಒಳಗೆ ನೇರಳೆ ಬಣ್ಣದ ವಿಷದ ಹರಳು.

ಅವನು ತಿರುಗಿದ. ಡಾವಿಬ್!

"ವಿಷ ಇಟ್ಟವನು... ನೀನೇನಾ?"

ಅವನ ಕೈಯಿಂದ ಮೇಕೆಯ ಕಾಲು ಜಾರಿತು.

"ಅಲ್ಲ ಅಂತ ಹೇಳು, ಡಾವಿಬ್! ಒಂದೇ ಒಂದು ಸಲ ಅಲ್ಲ ಅಂತ ಹೇಳು, ನಾನು ನಂಬ್ತೀನಿ!"

ಅವನು ಊರಿನ ಕಡೆ ನೋಡಿದ. ಆಮೇಲೆ ನೆಲ ನೋಡಿದ.

"ಹೌದು ಅಂತಲೇ ಅಂದ್ಕೋ."

ವೆಹೋಂಗಾ ಅಳುತ್ತಲೇ ಓಡಿಹೋಗಿ ಆಲ್ವೀನಾಗೆ ಎಲ್ಲ ಹೇಳಿದಳು. ಹಿಂದೆಯೇ ಬಂದ ಅವನ ರೇಡಿಯೋವನ್ನು ಆಲ್ವೀನಾ ಕಿತ್ತುಕೊಂಡಳು. "ಕಣ್ಮುಂದೆ ನಿಲ್ಲಬೇಡ, ಹೋಗು," ಎಂದಳು. ಅವನು ಮಂಜಿನೊಳಗೆ ನಡೆದುಹೋದ.

ಸೂರ್ಯ ನೆತ್ತಿಗೇರಿದರೂ ಆ ಮಂಜು ಕರಗಲಿಲ್ಲ. ಆಗ ಬಾಗಿಲಲ್ಲಿ ಗರೀಸೆಬ್ ಮಾವ ಬಂದು ನಿಂತರು.

"ನನ್ನ ಹುಡುಗ... ಇಲ್ಲಿಗೆ ಬಂದ್ನಾ?"

"ನಿಮ್ಮ ಹುಡುಗ ಮಾಡಿದ್ದು ಗೊತ್ತಾ ನಿಮಗೆ?" ಆಲ್ವೀನಾ ಸಿಡುಕಿದಳು.

"ಅವನೇನು ಮಾಡಿದ, ತಾಯಿ? ಇಟ್ಟವನು ನಾನು!" ಮುದುಕ ಕುಸಿದು ಕೂತರು. "ಎಲ್ಲ ನಾನೇ. ಅವನಿಗೆ ಗೊತ್ತಾಗಿ, ವಿಷ ಹಾಕಿದ ಮೇಕೆಗಳನ್ನ ಒಂದೊಂದೇ ತೆಗೆದು ಹೂಳ್ತಿದ್ದ. ಕೊನೇದು ದೂರದ ಬಂಡೆಗಳಾಚೆ, ನೀರಿನ ಹೊಂಡದ ಹತ್ರ ಇತ್ತು. ಬೆಳಿಗ್ಗೆ ಹೋದವನು ಬಂದಿಲ್ಲ. ಬರಿಗೈಯಲ್ಲಿ ಹೋದ, ತಾಯಿ... ಬರಿಗೈಯಲ್ಲಿ!"

ವೆಹೋಂಗಾ ದಡಬಡನೆ ಎದ್ದಳು. 'ಮಾವನನ್ನ ಉಳಿಸೋಕೆ ತನ್ನ ಮೇಲೆ ಹಾಕ್ಕೊಂಡ್ಯಾ? ಅಯ್ಯೋ ಹುಚ್ಚ!'

ಔಷಧಿಯ ಪೆಟ್ಟಿಗೆ ಎತ್ತಿಕೊಂಡು ಗಾಡಿಗೆ ಹಾರಿದಳು. ಜೊತೆಗೆ ಆಲ್ವೀನಾ ಹತ್ತಿದಳು. ಬಂಡೆಗಳು ಶುರುವಾದಲ್ಲಿ ಗಾಡಿ ನಿಂತಿತು. ಮುಂದೆ ಕಾಲುದಾರಿಯೇ ಗತಿ. "ನೀನು ಓಡು, ನಾನು ಆಸ್ಪತ್ರೆಯ ವಿಮಾನ ಕರೀತೀನಿ!" ಆಲ್ವೀನಾ ರೇಡಿಯೋ ಹಿಡಿದಳು.

ಕೈ ಚಾಚಿದರೆ ಬೆರಳು ಕಾಣದಷ್ಟು ಮಂಜು. ಮರಳಲ್ಲಿ ಅವನ ಹೆಜ್ಜೆಗಳಿದ್ದವು. ಮೊದಲು ನೇರ, ಆಮೇಲೆ ಓಲಾಡಿದ ಹೆಜ್ಜೆ. ಅವುಗಳ ಮೇಲೆ... ಅಂಗೈಯಗಲದ ಪಂಜ! ಪಕ್ಕದಲ್ಲಿ ಪುಟ್ಟಪುಟ್ಟ ಪಂಜಗಳು.

ಸೋರೆಸ್ ಅವನ ಹಿಂದೆಯೇ ಹೋಗಿತ್ತು.

"ಡಾವಿಬ್..." ಕೂಗಲೂ ಹೆದರಿಕೆ, ಕೂಗದಿರಲೂ ಹೆದರಿಕೆ.

ಹೊಂಡದ ಪಕ್ಕ ಕಲ್ಲುಗಳ ಗುಡ್ಡೆ. ಮೇಕೆಯನ್ನು ಹೂತು ಕಲ್ಲು ಪೇರಿಸಿದ್ದ. ಆ ಕಲ್ಲುಗಳ ಮೇಲೆ ತಾನೇ ಅಡ್ಡ ಬಿದ್ದಿದ್ದ, ಯಾರೂ ಕೆದಕಬಾರದೆಂದು. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು. ಕಣ್ಣಪಾಪೆ ಸೂಜಿಮೊನೆಯಷ್ಟು. ಅವನ ಕಾಲ ಬಳಿ ಮರಿಯೊಂದು ಮಣ್ಣು ಮೂಸುತ್ತಿತ್ತು.

ಅದರ ಹಿಂದೆ ಸೋರೆಸ್. ಕಿವಿ ಹಿಂದಕ್ಕೆ ಮಡಚಿ ಗುರ್ ಎಂದಿತು.

ಹಿಂದೆ ಸರಿದರೆ ವೆಹೋಂಗಾ ಬದುಕುತ್ತಾಳೆ. ಅವನು?

'ಮರಿ ತಾಯಿ ಕಡೆ ಹೋಗಲಿ... ದೇವರೇ, ಹೋಗಲಿ!'

ಅವಳು ನೆಟ್ಟಗೆ ನಿಂತು, ಎದೆಯಲ್ಲಿದ್ದ ಭಯವನ್ನೆಲ್ಲ ಒಟ್ಟುಗೂಡಿಸಿ ಹೋ... ಎಂದು ಕಿರುಚಿದಳು! ಮರಿ ಬೆದರಿ ತಾಯಿಯ ಹೊಟ್ಟೆ ಕೆಳಗೆ ನುಗ್ಗಿತು. ಸೋರೆಸ್ ಒಂದು ಹೆಜ್ಜೆ ಮುಂದಿಟ್ಟಿತು. ನಿಂತಿತು. ಆಮೇಲೆ, ಯುಗವೊಂದು ಕಳೆದ ಮೇಲೆ ಎಂಬಂತೆ, ಮರಿಗಳೊಂದಿಗೆ ಮಂಜಿನೊಳಗೆ ತಿರುಗಿತು.

ಅವಳು ಕೈಗವಸು ಹಾಕಿಕೊಂಡು ಅವನ ಅಂಗಿ ಹರಿದಳು. ಪ್ರಾಣಿಗಳಿಗೆಂದು ಇಟ್ಟಿದ್ದ, ವಿಷ ಇಳಿಸುವ ಮದ್ದು. ಮನುಷ್ಯನಿಗೆ ಎಷ್ಟು? ಅಂದಾಜಿನಲ್ಲೇ ಸೂಜಿಗೆ ತುಂಬಿ, ತೊಡೆಗೆ ಚುಚ್ಚಿದಳು. ಕಾದಳು. ಮತ್ತೊಮ್ಮೆ ಚುಚ್ಚಿದಳು. ಹೊಂಡದ ನೀರಿನಿಂದ ಅವನ ಕೈಗಳನ್ನು ತೊಳೆದಳು, ತೊಳೆಯುತ್ತಲೇ ಇದ್ದಳು.

"ನನ್ನ ಬಿಟ್ಟು ಹೋಗಬೇಡ ಕಣೋ... ಉಸಿರಾಡು... ಉಸಿರಾಡು!"

ಗೊರಗೊರ ಉಸಿರು ಮೆಲ್ಲಗೆ ತಿಳಿಯಾಯಿತು. ಕರಗತೊಡಗಿದ ಮಂಜಿನ ಮೇಲಿಂದ ವಿಮಾನದ ಸದ್ದು ಕೇಳಿಸಿತು.

ಅವನು ಪೂರ್ತಿ ಕಣ್ಣು ಬಿಟ್ಟಿದ್ದು ಪಟ್ಟಣದ ಆಸ್ಪತ್ರೆಯಲ್ಲಿ. ಹಾಸಿಗೆಯ ಪಕ್ಕದಲ್ಲಿ ವೆಹೋಂಗಾ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

"ಮಾವ?" ಅವನ ಮೊದಲ ಮಾತು.

"ಪೊಲೀಸರ ಹತ್ರ ತಾವೇ ಹೋಗಿ ಒಪ್ಕೊಂಡ್ರು, ವಿಚಾರಣೆ ತನಕ ಬಿಟ್ಟಿದಾರೆ. ನಿನ್ನ ಮುಖ ನೋಡೋಕೆ ನಾಚಿಕೆ ಅಂತ ಹೊರಗೆ ಬೆಂಚಿನ ಮೇಲೆ ಕೂತಿದಾರೆ. ಆಲ್ವೀನಾ ಅಕ್ಕ ಪಕ್ಕದಲ್ಲೇ ಕೂತು ಬೈತಿದಾಳೆ, ಟೀ ಕುಡಿಸ್ತಿದಾಳೆ."

ಅವನ ಕಣ್ಣಂಚು ಒದ್ದೆಯಾಯಿತು.

"ನಾನು ನಿನ್ನನ್ನ ಹಿಡಿದುಕೊಟ್ಟೆ, ಡಾವಿಬ್. ಕ್ಷಮಿಸ್ತೀಯಾ?"

"ನೀನು ಸರಿಯಾದ್ದೇ ಮಾಡಿದೆ. ನಾನೇ ನಿನ್ನ ಹತ್ರ ಸುಳ್ಳು ಹೇಳಿದ್ದು." ಅವಳ ಕಡೆಗೆ ಹೊರಳಿದ. "ಆ ಕಲ್ಲುಗಳ ಮೇಲೆ ಬಿದ್ದಿದ್ದಾಗ ತುಂಬ ಹೆದರಿಕೆ ಆಯ್ತು. ಸಾಯೋದಕ್ಕಲ್ಲ... ನೀನು ಜೀವಮಾನವೆಲ್ಲ ನನ್ನನ್ನ ವಿಷ ಇಟ್ಟವನು ಅಂತಲೇ ನೆನೆಸ್ಕೊಳ್ತೀಯಲ್ಲ ಅಂತ. ಪ್ರೀತಿಸ್ತೀನಿ ಅಂತ ಒಂದು ಸಲವೂ ಹೇಳದೆ ಹೋಗ್ತೀನಲ್ಲ ಅಂತ."

ವೆಹೋಂಗಾ ಅವನ ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡಳು.

"ಇನ್ಮೇಲೆ ನನ್ನ ಹತ್ರ ಸುಳ್ಳು ಹೇಳಬಾರದು."

"ಹೇಳಲ್ಲ."

"ನೋವಿದ್ಯಾ?"

"ಚೂರೂ ಇಲ್ಲ."

"ಡಾವಿಬ್!"

"...ಇದೆ. ತುಂಬಾ ಇದೆ. ಇಲ್ಲೇ ಇರು."

"ಎಲ್ಲಿಗೆ ಹೋಗ್ಲಿ?" ಎಂದಳು ಅವಳು, ಕಣ್ಣೀರೊಳಗೇ ನಗುತ್ತಾ.