ಲಿಂಟುವಿನ ಹೆಪ್ಪು

ಹದಿನಾರು ವರ್ಷ ‘ಲಿಂಟು’ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು, ನೇರ ಓಡಿಸಬಲ್ಲ ತಂತ್ರಾಂಶದ ಪೊಟ್ಟಣವಾಗಿ ಕಟ್ಟಿ, ಲೋಕದ ಲಿನಕ್ಸ್ ಯಂತ್ರಗಳಿಗೆಲ್ಲ ಹಂಚಿದವನು ಅರ್ತೋ. ಸಂಬಳವಿಲ್ಲ, ಸನ್ಮಾನವಿಲ್ಲ. ಅವನ ಬಿಟ್ಟಿ ದುಡಿಮೆಯ ಮೇಲೆ ಕಂಪನಿಗಳು ಕೊಬ್ಬಿದವು. ಅವನಿಗೆ ದಕ್ಕಿದ್ದು ಬರೀ ದೂರು. ಅವನು ಕೇಳಿದ್ದಾದರೂ ಒಂದೇ: ಪ್ರತಿ ಪೊಟ್ಟಣವನ್ನೂ ಇನ್ನೊಂದು ಯಂತ್ರದಲ್ಲಿ ಮತ್ತೊಮ್ಮೆ ಕಟ್ಟಿ, ಎರಡನ್ನೂ ಹೋಲಿಸಿ, ಆಮೇಲೆ ಹಂಚಿ. ಒಂಬತ್ತು ವರ್ಷ ಕೇಳಿದ. ಲಿಂಟುವಿನ ಹೊಣೆ ಹೊತ್ತ, ಫಿನ್ಲೆಂಡಿನ ತಾಂಪೆರೆ ಊರಿನ ಗೆಳೆಯರ ಗುಂಪು ಏಲಕ್ಕಿ ಬನ್ನು ಮೆಲ್ಲುತ್ತ ತಲೆಯಾಡಿಸಿತು. ಕೊನೆಗೂ ಈ ವಸಂತದಲ್ಲಿ ಒಂದು ನಿರ್ಧಾರ ಬಂತು: ಸೋಮವಾರದಿಂದ ಲಿಂಟು ಅವನ ಬದಲು ಗುಂಪಿನವಳೇ ಆದ ಸಿಲ್ಯಾಳ ಕೈಗೆ.

ಸರಿ, ಅವಳ ಕೈಯಲ್ಲೇ ಸಾಯಲಿ.

ಲಿಂಟುವನ್ನು ಕಟ್ಟುವುದಕ್ಕೆ ಹಳೆಯ ಲಿಂಟುವೇ ಬೇಕು, ಮೊಸರಿಗೆ ಮೊಸರೇ ಹೆಪ್ಪಾದಂತೆ. ಅರ್ತೋ ತನ್ನ ಕೊನೆಯ ಪೊಟ್ಟಣದ ಹೆಪ್ಪಿನಲ್ಲಿ ವಿಷ ಬೆರೆಸಿದ. ಮೂಲ ಕೋಡ್ ಶುದ್ಧ. ಯಾರು ಎಷ್ಟು ಕಣ್ಣರಳಿಸಿ ಓದಿದರೂ ಏನೂ ಸಿಗದು. ಆ ಹೆಪ್ಪಿನಿಂದ ಸಿಲ್ಯಾ ಕಟ್ಟುವ ಪೊಟ್ಟಣಗಳಿಗೆಲ್ಲ ವಿಷ ತಾನಾಗಿ ಇಳಿಯುತ್ತದೆ, ಅವಳದೇ ಸಹಿಯೊಂದಿಗೆ. ಆಗಸ್ಟಿನಲ್ಲಿ ಸಾವಿರಾರು ಯಂತ್ರಗಳು ಮಲಗುತ್ತವೆ. ಅವಳ ಹೆಸರು ಮಣ್ಣುಪಾಲು. ಗುಂಪು ಓಡಿ ಬಂದು ಅರ್ತೋನ ಕಾಲು ಹಿಡಿಯುತ್ತದೆ. ಶುದ್ಧ ಹೆಪ್ಪಿರುವ ಇನ್ನೊಂದು ಯಂತ್ರದಲ್ಲಿ ಎರಡನೇ ಸಲ ಕಟ್ಟಿ ಹೋಲಿಸಿದ್ದರೆ ಸಿಕ್ಕಿಬೀಳುತ್ತಿತ್ತು, ಪಾಪ. ಕೇಳಿದವರಾರು?

ಬುಧವಾರ ಸಿಲ್ಯಾ ಫೋನ್ ಮಾಡಿದಳು.

“ಶುಕ್ರವಾರ ಕಾಫಿಗೆ ಬರ್ತೀಯ ತಾನೆ? ಕೇಕ್ ಮಾಡಿಸಿದೀವಿ.”

“ನನ್ನ ತಿಥಿ ಊಟಕ್ಕೆ ನಾನೇ ಬರ್ಬೇಕಾ?”

“ಅಯ್ಯೋ ಮಹಾರಾಯ! ಗುಂಪಿನಿಂದ ಬಂದ ಪತ್ರ ಓದಿಲ್ವಾ?”

“ನಿಮ್ಮ ಪತ್ರ ಎಲ್ಲಾ ನೇರ ಕಸದ ಬುಟ್ಟಿಗೇ ಹೋಗತ್ತೆ. ಎರಡು ತಿಂಗಳಾಯ್ತು.”

“ಓದಿಲ್ವಾ? ಇನ್ನೂ ಒಳ್ಳೇದಾಯ್ತು ಬಿಡು,” ಎಂದು ನಕ್ಕಳು.

ಶುಕ್ರವಾರ ಬೆಳಿಗ್ಗೆ ಆ ಕೊನೆಯ ಪೊಟ್ಟಣ ಕಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅರ್ತೋ ಹೋದ. ಉದಾರ ಮನಸ್ಸಿನಿಂದ ಎಲ್ಲರ ಕೈ ಕುಲುಕಿದ. ಕೇಕಿನ ದೊಡ್ಡ ತುಂಡನ್ನೇ ತಗೊಂಡ.

ಸಿಲ್ಯಾ ಅವನು ಓದದ ಪತ್ರವನ್ನು ಗಟ್ಟಿಯಾಗಿ ಓದಿದಳು: “ಅರ್ತೋ, ಒಂಬತ್ತು ವರ್ಷ ನಿನ್ನ ಮಾತು ಕೇಳ್ಲಿಲ್ಲ, ತಪ್ಪಾಯ್ತು. ಈ ಶುಕ್ರವಾರದಿಂದ ಪ್ರತಿ ಪೊಟ್ಟಣಾನೂ ಎರಡು ಸಲ ಕಟ್ತೀವಿ. ಈ ಪರೀಕ್ಷೆಗೆ ನಿನ್ನ ಹೆಸರೇ ಇಟ್ಟಿದೀವಿ. ಮೊದಲನೇ ಪೊಟ್ಟಣ ನಿಂದೇ!” ಚಪ್ಪಾಳೆ ಬಿತ್ತು. ಗೋಡೆಯ ಪರದೆಯ ಮೇಲೆ, ಎರಡು ಯಂತ್ರಗಳಲ್ಲಿ ಕಟ್ಟಿದ ಅವನ ಪೊಟ್ಟಣವನ್ನು ಹೋಲಿಸುವ ಎರಡು ಸಾಲುಗಳು ಅಕ್ಕಪಕ್ಕ ಹಸಿರಾಗುತ್ತ ಏರಿದವು, ಮುಕ್ಕಾಲು ದಾರಿಯಲ್ಲಿ ನಿಂತು ಕೆಂಪಾದವು. ಮೇಲ್ಗಡೆ ದಪ್ಪ ಅಕ್ಷರದಲ್ಲಿತ್ತು: ‘ಅರ್ತೋ ಪರೀಕ್ಷೆ: ಹೊಂದಿಕೆಯಿಲ್ಲ.’ ಕೇಕು ಅವನ ಬಾಯಲ್ಲೇ ಉಳಿಯಿತು.