ಎಡ ಗಾಲಿಯ ಪಿನ್ನು

ದೀಪಿಕಾಳ ನಿಶ್ಚಿತಾರ್ಥದ ಮಾತುಕತೆಗೆ ಹೋಗಬೇಕಾದ ಗಾಡಿಯನ್ನು ರಿಪೇರಿ ಮಾಡುವ ಕೆಲಸವೂ ತಿರುಪತಿಯ ಪಾಲಿಗೇ ಬಂತು. ತಾಯಿ ತೀರಿಕೊಂಡ ಮೇಲೆ ಅವನು ಹನುಮಸಾಗರದ ಸೋದರಮಾವ ಹೊಳಿಯಪ್ಪನ ಮನೆ ಸೇರಿದ್ದ. ‘ದೊಡ್ಡಾವ ಆಗು, ನನ್ನ ಮಗಳನ್ನ ನಿನಗ ಕೊಡ್ತೀನಿ’ ಎಂದು ಆಗ ನಾಲ್ಕು ಮಂದಿಯ ಮುಂದೆ ಹೇಳಿದ್ದು ಇದೇ ಹೊಳಿಯಪ್ಪ. ಆ ಒಂದು ಮಾತಿನ ಮೇಲೆ ತಿರುಪತಿ ಮಾವನ ಹೊಲ ಹರಗಿದ, ಎಮ್ಮೆ ತೊಳೆದ, ಕುಷ್ಟಗಿಯ ಗ್ಯಾರೇಜಿನಲ್ಲಿ ಕಲಿತದ್ದನ್ನೆಲ್ಲ ಮಾವನ ಹಳೆಯ ಸುಮೊ ಗಾಡಿಗೆ ಸುರಿದ. ಈಗ ಆ ಮಗಳು ದೀಪಿಕಾಳಿಗೆ ಗಂಗಾವತಿಯಲ್ಲಿ ಹೈಸ್ಕೂಲ್ ಮಾಸ್ತರನೊಬ್ಬ ವರನಾಗಿ ಸಿಕ್ಕಿದ್ದ. ಹಳೆಯ ಮಾತಿನ ಬಗ್ಗೆ ಮಾವ ಸೊಲ್ಲೆತ್ತಲಿಲ್ಲ. ತಪ್ಪಾಯಿತೆಂದಿದ್ದರೆ ಜಗಳವಾಡಲು ಏನಾದರೂ ಸಿಗುತ್ತಿತ್ತು.

‘ಮುಂದಿನ ಗಾಲಿ ಖಟಖಟ ಅನ್ನಾಕತ್ತಾವು. ಬೀಗರ ಮುಂದ ಮರ್ಯಾದಿ ಹೋಗಬಾರದು, ನೋಡು ಸ್ವಲ್ಪ’ ಎಂದ ಹೊಳಿಯಪ್ಪ.

‘ಬಾಲ್ ಜಾಯಿಂಟ್ ಸವದಾವು, ಮಾವ. ಎರಡೂ ಕಡೆ ಬದಲಿ ಮಾಡಬೇಕು.’

‘ಮಾಡು ಮತ್ತ. ಕುಂತು ಉಣ್ಣಾಕ ಇಟ್ಟೀನೇನು ನಿನ್ನ?’

ತಿರುಪತಿ ಗಾಡಿಯನ್ನು ಬೇವಿನ ಮರದ ಕೆಳಗೆ ತಂದು, ಜಾಕ್ ಕೊಟ್ಟು, ಹಿಂದಿನ ಗಾಲಿಗಳಿಗೆ ಕಲ್ಲು ಇಟ್ಟ. ಬಲಗಡೆಯದು ಬೇಗ ಬಿಚ್ಚಿತು. ಎಡಗಡೆಯದು ಹಟ ಹಿಡಿಯಿತು. ಗಾಲಿಯನ್ನು ಗಾಡಿಯ ತೋಳಿಗೆ ಹಿಡಿದಿಡುವ ಆ ಗುಂಡು ಕೀಲು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಸುರಿದ. ಪಾನಾಕ್ಕೆ ಪೈಪು ಸಿಕ್ಕಿಸಿ ಎಳೆದ. ಸುತ್ತಿಗೆ ಜಾರಿ ಬೆರಳ ಗೆಣ್ಣು ಸುಲಿಯಿತು. ಮತ್ತೆ ಹೊಡೆದ, ಕೀಲು ಕದಲಲಿಲ್ಲ. ಕಣ್ಣಿಗೆ ತುಕ್ಕು ಬಿತ್ತು. ಈ ಮನೆಯಲ್ಲಿ ತನ್ನ ವಯಸ್ಸೆಲ್ಲ ಹೀಗೇ ಹೋಯಿತು ಅನ್ನಿಸಿತು.

‘ಕಬ್ಬಿಣದ ಮ್ಯಾಲ ಯಾಕ ಸಿಟ್ಟು ಮಾಡ್ತಿ? ಚಾ ಕುಡಿ’ ಎಂದು ಅತ್ತೆ ಕಳಕಮ್ಮ ಕಪ್ಪನ್ನು ಬಾನೆಟ್ಟಿನ ಮೇಲಿಟ್ಟು ಹೋದಳು.

ಚಹಾ ಆರಿದ ಮೇಲೆ ಕೀಲು ಠಪ್ಪೆಂದು ಬಿಟ್ಟುಕೊಂಡಿತು. ಹೊಸದನ್ನು ಕೂರಿಸಿ ನಟ್ಟು ಬಿಗಿದ. ನಟ್ಟು ತಾನಾಗಿ ತಿರುಗದಂತೆ ಅದರ ಚಡಿಯಲ್ಲಿ ತೂರಿಸಬೇಕಾದ ಪಿನ್ನು ಅಂಗೈಯಲ್ಲಿತ್ತು. ಕಡ್ಡಿಯಷ್ಟು ತೆಳ್ಳಗಿನ ತಂತಿ. ಮಾವನ ಇಡೀ ಭಾರ ಇದರ ಮೇಲಿದೆ ಎಂಬುದು ಅವನಿಗೆ ಹೊಳೆದದ್ದು ಆಗ. ಉಳಿದ ಯೋಜನೆಯೆಲ್ಲ ತಲೆಯಲ್ಲಿ ಸಲೀಸಾಗಿ ಕೂಡಿಕೊಂಡಿತು.

ಮೊದಲು ಸಾಕ್ಷಿ ಬೇಕಿತ್ತು. ಪಿನ್ನನ್ನು ಸರಿಯಾಗಿ ಹಾಕಿ, ತುದಿ ಮಡಚಿ, ಓಣಿಯ ಹಿರಿಯ ಕೊಟ್ರಪ್ಪನನ್ನು ಕರೆದು ತೋರಿಸಿದ. ಕೊಟ್ರಪ್ಪ ಬಗ್ಗಿ ನೋಡಿ ತಲೆಯಾಡಿಸಿದ. ಹೊಳಿಯಪ್ಪ ಬಂದು ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ.

‘ಈಗ ಗಟ್ಟಿ ಆತು ನೋಡು. ಒಂದು ನೌಕರಿ ಇದ್ದಿದ್ದರ ನೀನೂ ಛಲೋ ಹುಡುಗನ.’

ಒಂದು ವೇಳೆ ತಿರುಪತಿಯ ಮನಸ್ಸು ಬದಲಾಗುವುದಿದ್ದರೂ ಆ ಮಾತಿನ ನಂತರ ಬದಲಾಗಲಿಲ್ಲ.

ಮಾತುಕತೆಗೆಂದು ಮಾವ ಗಂಗಾವತಿಗೆ ಹೊರಡುವ ದಿನ ಬೆಳಿಗ್ಗೆ ತಿರುಪತಿ ಗಾಡಿ ತೊಳೆದ. ತೊಳೆಯುತ್ತಲೇ ಎಡಗಡೆಯ ಪಿನ್ನು ಕಿತ್ತು, ನಟ್ಟನ್ನು ಸಡಿಲಿಸಿದ. ತಾವರಗೇರಾ, ಕನಕಗಿರಿ ದಾಟುವವರೆಗಿನ ರಸ್ತೆಯ ಕುಲುಕಾಟಕ್ಕೆ ನಟ್ಟು ಮೆಲ್ಲಗೆ ಕಳಚಿಕೊಳ್ಳುತ್ತದೆ. ಮುಂದೆ ನೀರಾವರಿ ಸೀಮೆ, ಕಾಲುವೆಯ ದಂಡೆ. ಅಲ್ಲಿ ಗಾಲಿ ಮಡಚಿದರೆ ಗಾಡಿ ನೀರಿಗೇ. ನಟ್ಟು, ಪಿನ್ನು ಎಲ್ಲಿ ಉದುರಿದವೆಂದು ಯಾರು ಹುಡುಕುತ್ತಾರೆ? ಸ್ಟೇರಿಂಗನ್ನು ಮಾವ ಯಾರ ಕೈಗೂ ಕೊಡುವವನಲ್ಲ.

ಅಷ್ಟರಲ್ಲಿ ದೀಪಿಕಾ ಚಪ್ಪಲಿ ಮೆಟ್ಟಿಕೊಂಡು ಬಂದು ಗಾಡಿಯ ಬಾಗಿಲು ತೆರೆದಳು.

‘ಅಪ್ಪಾ, ನಾನೂ ಬರ್ತೀನಿ. ಬಳಿ ತಗೋಬೇಕು.’

‘ಹುಡುಗನ ಊರಿಗೆ ಹೆಣ್ಣು ತಾನಾಗೇ ಹೋಗೂದು ಎಲ್ಲೆರ ಐತೇನು? ಇಳಿ, ಮಂದಿ ನಗ್ತಾರ.’

ತಿರುಪತಿ ಬಟ್ಟೆ ಹಿಂಡುತ್ತಾ ನಿಂತಿದ್ದ. ಮಾವ ಹೀಗೇ ಹೇಳುತ್ತಾನೆಂದು ಅವನಿಗೆ ಮೊದಲೇ ಗೊತ್ತಿತ್ತು. ಈ ಮನೆಯ ರೀತಿ ರಿವಾಜು ಅವನಿಗೆ ಬಾಯಿಪಾಠ. ಕಳಕಮ್ಮನೂ ಹೋಗುವುದಿಲ್ಲ. ಮಾತುಕತೆ ಗಂಡಸರದು. ಹೊಳಿಯಪ್ಪ ಒಬ್ಬನೇ ಹೋದ.

ಮಧ್ಯಾಹ್ನ ಫೋನು ಬಂತು. ಕಾಲುವೆಯಿಂದ ಗಾಡಿ ಎತ್ತಿಸಿದ ಪೊಲೀಸರು ಹಳೆಯ ಗಾಡಿ ಎಂದು ಬರೆದುಕೊಂಡರು. ರಿಪೇರಿ ಮಾಡಿದವನು ಯಾರೆಂಬ ಮಾತು ಬಂದಾಗ ಕೊಟ್ರಪ್ಪ ತಾನೇ ಮುಂದೆ ಬಂದ. ‘ಹುಡುಗ ಪಿನ್ನು ಹಾಕಿದ್ದು ನಾನ ಕಣ್ಣಾರೆ ನೋಡೀನ್ರಿ. ಮಗನಗತೆ ದುಡದಾನ ಆ ಮನ್ಯಾಗ.’ ತಿರುಪತಿ ತಲೆ ತಗ್ಗಿಸಿ ನಿಂತಿದ್ದ. ಅಳು ಬರಿಸಿಕೊಳ್ಳುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ.

ಇನ್ನು ತಾಳ್ಮೆಯ ಕೆಲಸ. ಸೂತಕದ ಮನೆಯಲ್ಲಿ ನಿಶ್ಚಿತಾರ್ಥ ನಡೆಯುವುದಿಲ್ಲ. ಮಾತಾಡಲು ಹೊರಟವನೇ ಸತ್ತ ಸಂಬಂಧವನ್ನು ಮಾಸ್ತರನ ಮನೆಯವರು ಅಪಶಕುನವೆಂದು ಬಿಡುತ್ತಾರೆ. ಗಂಡಸಿಲ್ಲದ ಮನೆಯಲ್ಲಿ ಕಳಕಮ್ಮ ಯಾರ ಮುಖ ನೋಡಬೇಕು? ತಾನು ಬಾಯಿಬಿಟ್ಟು ಕೇಳುವುದೂ ಬೇಡ. ಅವಳೇ ಒಂದು ದಿನ ಮಗಳ ಕೈಯನ್ನು ತಂದು ತನ್ನ ಕೈಯಲ್ಲಿಡುತ್ತಾಳೆ. ಮಾವ ಮುರಿದ ಮಾತನ್ನು ಮಾವನ ಸಾವು ನಡೆಸಿಕೊಡುತ್ತದೆ.

ಮಾರನೆಯ ದಿನ ಆಸ್ಪತ್ರೆಯಿಂದ ಹೆಣ ಅಂಗಳಕ್ಕೆ ಬಂತು. ಮಾಸ್ತರನ ಅಪ್ಪನೂ ಗಂಗಾವತಿಯಿಂದ ಬಂದು ಕಂಬಕ್ಕೆ ಒರಗಿ ನಿಂತಿದ್ದ. ಚಟ್ಟ ಕಟ್ಟಿ ಮುಗಿದ ಮೇಲೆ ಕೊಟ್ರಪ್ಪ ಬೆಂಕಿ ತುಂಬಿದ ಗಡಿಗೆಯನ್ನು ತಂದು ತಿರುಪತಿಯ ಮುಂದೆ ಹಿಡಿದ. ‘ಹೊಳಿಯಪ್ಪಗ ಗಂಡು ಮಕ್ಕಳಿಲ್ಲ, ಅಣ್ಣತಮ್ಮರ ಪೈಕಿನೂ ಯಾರಿಲ್ಲ. ತಗೋ.’ ‘ಬ್ಯಾರೆ ಯಾರನ್ನರ ನೋಡ್ರಿ ಯಜ್ಜಾ’ ಎಂದು ತಿರುಪತಿ ಹಿಂದೆ ಸರಿದ. ಅಳುತ್ತಿದ್ದ ಹೆಂಗಸರೂ ತಲೆಯೆತ್ತಿ ನೋಡಿದರು. ‘ಯಾರನ್ನ ನೋಡೂದು? ನೀನ ಮಾಡಬೇಕು. ಗಡಿಗಿ ಹಿಡಿದವ ಮಗ ಆದಂಗ, ಇವತ್ತಿಂದ ದೀಪಿಕಾಗ ನೀನ ಅಣ್ಣ. ವರ್ಷದ ಒಳಗ ಕನ್ಯಾದಾನ ಆಗಬೇಕು, ಧಾರಿ ಎರದು ಕೊಡಾವನೂ ನೀನ’ ಎಂದ ಕೊಟ್ರಪ್ಪ. ಮಾಸ್ತರನ ಅಪ್ಪ ಹೌದೆನ್ನುವಂತೆ ತಲೆಯಾಡಿಸಿದ. ಬೇಡವೆನ್ನಲು ತಿರುಪತಿಗೆ ಒಂದೇ ಕಾರಣವಿತ್ತು, ಅದನ್ನು ಈ ಹೆಣದ ಮುಂದೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅವನು ಕೈ ಚಾಚಿದ. ರಸ್ತೆ, ಕಾಲುವೆ, ನಟ್ಟು, ಸೂತಕ ಎಲ್ಲವನ್ನೂ ಯೋಚಿಸಿದ್ದವನು, ಸತ್ತವನಿಗೆ ಒಬ್ಬ ಮಗ ಬೇಕಾಗುತ್ತಾನೆಂಬುದನ್ನು ಮಾತ್ರ ಯೋಚಿಸಿರಲಿಲ್ಲ.